ನಾಲ್ಕು ಸಲ ಸುಟ್ಟ ಕೋಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ ನೆಲಮಹಡಿಯ ಮೂಲೆಕೋಣೆಯೊಂದನ್ನು ಬಿಟ್ಟರೆ ಬೇರೆಲ್ಲೂ ದೀಪವಿಲ್ಲ. ಬಾಗಿಲ ಮೇಲೆ 'ಉದ್ಯೋಗ ಮಾರ್ಗದರ್ಶನ ಕೇಂದ್ರ' ಎಂಬ ಫಲಕ. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಗೋಡೆಗೆ ಒತ್ತಿಕೊಂಡಿದ್ದ ಮೇಜನ್ನು ಕೋಣೆಯ ನಡುವಿಗೆ ಎಳೆಯುತ್ತಿದ್ದಾರೆ. ಮೇಜಿನ ಆಚೆಗೊಂದು ಕುರ್ಚಿ, ಈಚೆಗೊಂದು. ಈಚಿನ ಕುರ್ಚಿಯನ್ನು ಅಲುಗಿಸಿ ನೋಡಿ, ಕಾಲಿನ ಕೆಳಗೆ ಮಡಚಿದ ರಟ್ಟಿನ ಚೂರು ಸಿಕ್ಕಿಸುತ್ತಾರೆ.

"ಕೂತವರ ಕಾಲು ಹೇಗೂ ನಡುಗ್ತಿರುತ್ತೆ. ಕುರ್ಚಿನೂ ನಡುಗಿದ್ರೆ ಮುಗೀತು ಕತೆ," ಎನ್ನುತ್ತಾರೆ. ನಗಲು ಹೋಗಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಸರಿಯಾಗಿಯೇ ಇದ್ದ ಮೇಜನ್ನು ಮತ್ತೆ ಒಂದು ಗೇಣು ಆಚೆ ಸರಿಸುತ್ತಾರೆ. ಕಿಟಕಿಗೆ ಹೋಗಿ ಗೇಟಿನ ಕಡೆ ನೋಡಿ ಬರುತ್ತಾರೆ. ಇವತ್ತು ಅವರಿಗೆ ಕೈಯೂ ನಿಲ್ಲುತ್ತಿಲ್ಲ, ಕಾಲೂ ನಿಲ್ಲುತ್ತಿಲ್ಲ.

ಕಾಗದದ ಮೇಲೆ ಇವರು ಈ ಕೇಂದ್ರದ ಸಹಾಯಕಿ. ಮಾಡುವ ಕೆಲಸಕ್ಕೆ ಮಾತ್ರ ಒಂದು ಹೆಸರು ಹುಡುಕುವುದು ಕಷ್ಟ. ಓದು ಮುಗಿಸಿ ಕೆಲಸ ಹುಡುಕಲು ಹೊರಟವರ ಎದುರು ಕೂತು, ಕಂಪನಿಯ ದೊಡ್ಡವರಂತೆ ನಟಿಸುತ್ತಾರೆ. ನಿಜವಾದ ಸಂದರ್ಶನಕ್ಕೆ ಮೊದಲು ಇಲ್ಲೊಂದು ಸುಳ್ಳು ಸಂದರ್ಶನ. ಬಾಗಿಲು ತಟ್ಟುವುದರಿಂದ ಹಿಡಿದು ಎದ್ದು ಹೋಗುವವರೆಗೆ ಎಲ್ಲವೂ ಅಲ್ಲಿಯ ಹಾಗೆಯೇ. ತಪ್ಪುವುದಿದ್ದರೆ ಇಲ್ಲಿ ತಪ್ಪಲಿ ಎಂದು. ವಿದ್ಯಾರ್ಥಿಗಳು ಎದುರಿಗೆ 'ಪ್ರಶ್ನೆಯಕ್ಕ' ಎಂದು ಕರೆಯುತ್ತಾರೆ, ಬೆನ್ನ ಹಿಂದೆ 'ಡೂಪ್ಲಿಕೇಟ್ ಬಾಸ್'. ಎರಡೂ ಅವರ ಕಿವಿಗೆ ಬಿದ್ದಿವೆ. "ಎರಡನೇದೇ ವಾಸಿ. ಅದರಲ್ಲಿ ಬಾಸ್ ಅನ್ನೋದಾದ್ರೂ ಇದೆಯಲ್ಲ."

ಬಾಗಿಲು ತಟ್ಟಿದ ಸದ್ದು. ಒಳಗೆ ಬಂದ ಹುಡುಗಿಯ ಬಟ್ಟೆ ನೋಡಿದರೇ ಇವಳು ಯಾರ ಮನೆಯವಳೆಂದು ಗೊತ್ತಾಗುತ್ತದೆ. ತೋಳಿನ ಮಡಿಕೆ ಗೆರೆ ಎಳೆದ ಹಾಗಿದೆ. ಅವಳ ತಾಯಿ ರೈಲ್ವೆ ನಿಲ್ದಾಣದ ಹಿಂದಿನ ಬೀದಿಯಲ್ಲಿ ಲಾಂಡ್ರಿ ನಡೆಸುತ್ತಾರೆ. ಹುಡುಗಿಗೆ ಇವತ್ತು ಹತ್ತು ಗಂಟೆಗೆ, ಊರಿನ ಆ ತುದಿಯಲ್ಲಿರುವ ಸರಕು ಸಾಗಣೆ ಕಂಪನಿಯೊಂದರಲ್ಲಿ ಸಂದರ್ಶನ. ಅದೇ ಕಂಪನಿ ಹೋದ ತಿಂಗಳು ಇವಳನ್ನು ಬೇಡವೆಂದಿತ್ತು. ಬೇಡವೆಂದವರನ್ನು ಮತ್ತೆ ಕರೆಯುವ ರೂಢಿ ಯಾವ ಕಂಪನಿಗೂ ಇಲ್ಲ. ಇದು ಹೇಗೋ ಸಿಕ್ಕ ಹತ್ತು ನಿಮಿಷ. ಇನ್ನೊಂದು ಸಿಗುವುದಿಲ್ಲ.

"ತಿಂಡಿ ತಿಂದ್ಯಾ?" ಪ್ರಶ್ನೆಯಕ್ಕ ಕೇಳುತ್ತಾರೆ.

"ಹೂಂ."

"ಮುಖ ನೋಡಿದ್ರೆ ಗೊತ್ತಾಗುತ್ತೆ."

"ಅರ್ಧ ತಿಂದೆ ಅಕ್ಕ. ಇನ್ನರ್ಧ ಒಳಗೆ ಹೋಗಲ್ಲ ಅಂತು."

ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವುದು, ಕೂರುವುದು, ಚೀಲ ಎಲ್ಲಿಡಬೇಕು, ಕೈ ಎಲ್ಲಿಡಬೇಕು, ಇವೆಲ್ಲ ಮೂರು ಸಲ ಆಗುತ್ತವೆ. ಆಮೇಲೆ ಪ್ರಶ್ನೆಯಕ್ಕ ಬೆನ್ನು ನೆಟ್ಟಗೆ ಮಾಡಿ ಬೇರೆಯದೇ ದನಿಯಲ್ಲಿ ಕೇಳುತ್ತಾರೆ: "ನೀವು ಮಾಡಿದ ಒಂದು ತಪ್ಪು, ಅದನ್ನ ಹೇಗೆ ಸರಿಮಾಡಿದ್ರಿ, ಹೇಳಿ."

ಹುಡುಗಿ ತಲೆ ಅಲ್ಲಾಡಿಸುತ್ತಾಳೆ. "ಅದನ್ನ ಇಲ್ಲಿ ಹೇಳಲ್ಲ ಅಕ್ಕ."

"ಕೋಟಿನದು ಬೇಡ ಬಿಡು. ಅದನ್ನ ಅವರು ಕೇಳೋದೂ ಇಲ್ಲ. ಬೇರೆ ಏನು ಹೇಳ್ತೀಯಾ?"

"ಬೇರೆ ಇದೆ. ಅಲ್ಲೇ ಹೇಳ್ತೀನಿ."

"ಒಂದು ಸಲ ಬಾಯಿಬಿಟ್ಟು ಹೇಳಿಕೊಂಡ್ರೆ ಅಲ್ಲಿ ತಡವರಿಸಲ್ಲ ಕಣೇ."

"ತಡವರಿಸಿದ್ರೆ ತಡವರಿಸ್ತೀನಿ. ಇಲ್ಲಿ ಹೇಳಿದ್ದು ಇಲ್ಲಿ ಉಳಿಯಲ್ವಲ್ಲ."

ಮಾತಿನಲ್ಲಿ ಸಿಟ್ಟಿಲ್ಲ. ಹೊರಗೆ ಬಿಸಿಲಿದೆ ಎನ್ನುವ ಹಾಗೆ ಹೇಳಿ ಹುಡುಗಿ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಾಳೆ. ಪ್ರಶ್ನೆಯಕ್ಕ ಮೇಜಿನ ಮೇಲಿದ್ದ ಪೆನ್ಸಿಲನ್ನು ತೆಗೆದು ಡಬ್ಬಿಗೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ. "ಸರಿ. ಬಸ್ ತಪ್ಪಿಸ್ಕೋಬೇಡ," ಎನ್ನುತ್ತಾರೆ. ಅವಳು ಗೇಟು ದಾಟುವವರೆಗೆ ಕಿಟಕಿ ಬಿಟ್ಟು ಕದಲುವುದಿಲ್ಲ.

ಆ ಕೋಟಿನ ಕತೆ ಹೇಳದೆ ಈ ಬೆಳಗು ಅರ್ಥವಾಗುವುದಿಲ್ಲ. ಅದನ್ನು ಬರೆಯಬಹುದೇ ಎಂದು ನಾನು ಮೊನ್ನೆಯೇ ಹುಡುಗಿಯನ್ನು ಕೇಳಿಕೊಂಡಿದ್ದೆ. "ಬರ್ಕೊಳ್ಳಿ," ಎಂದಿದ್ದಳು. "ಅದು ಈಗ ಬಸ್ ಸ್ಟ್ಯಾಂಡಿನ ಬೆಂಚಿನ ಹಾಗೆ. ಯಾರು ಬೇಕಾದ್ರೂ ಕೂತ್ಕೋಬಹುದು."

ಎರಡು ವರ್ಷದ ಹಿಂದೆ ತಾಯಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾದಾಗ ಲಾಂಡ್ರಿಯನ್ನು ಹುಡುಗಿಯೇ ನಡೆಸಿದಳು. ಬೆಳಗ್ಗೆ ತರಗತಿ, ಸಂಜೆ ಇಸ್ತ್ರಿ. ಒಂದು ಸಂಜೆ ಓದುತ್ತಾ ಇಸ್ತ್ರಿ ಮಾಡುತ್ತಾ ಕಣ್ಣು ಎಳೆದುಕೊಂಡು ಹೋಯಿತು. ಮರುದಿನ ಮದುವೆಯಾಗಲಿದ್ದವನೊಬ್ಬನ ಕೋಟಿನ ತೋಳಿಗೆ ಇಸ್ತ್ರಿ ಪೆಟ್ಟಿಗೆ ತನ್ನ ಗುರುತು ಮೂಡಿಸಿಬಿಟ್ಟಿತು. ಸುಟ್ಟ ಭಾಗ ಒಳಗೆ ಹೋಗುವ ಹಾಗೆ ಮಡಿಸಿ ಕೊಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಕೋಟನ್ನು ಎತ್ತಿಕೊಂಡು ಅವರ ಮನೆಗೇ ಹೋದಳು. ಬಾಗಿಲು ತೆರೆದ ವರನ ಅಕ್ಕನ ಮುಂದೆ ತೋಳು ಬಿಡಿಸಿ ತೋರಿಸಿ, "ಇದು ನನ್ನಿಂದ ಆಗಿದ್ದು, ಬೆಳಗ್ಗೆವರೆಗೂ ಟೈಮ್ ಕೊಡಿ," ಎಂದಳು. ಅಲ್ಲಿಂದ ರಫೂ ಮಾಡುವವರ ಬಳಿ ಹೋಗಿ, ಕೋಟಿನ ಒಳಮಡಿಕೆಯಿಂದ ಬಟ್ಟೆ ಬಿಚ್ಚಿಸಿ, ತೋಳಿಗೆ ತೇಪೆ ಹಾಕಿಸಿ, ಮುಗಿಯುವವರೆಗೆ ಅಲ್ಲೇ ಕೂತಳು. ಆ ಮನೆಯವರ ಬಟ್ಟೆ ಇವತ್ತಿಗೂ ಅದೇ ಲಾಂಡ್ರಿಗೆ ಬರುತ್ತದೆ.

ಇದನ್ನು ಅವಳು ಮೊದಲು ಹೇಳಿದ್ದು ಈ ಕೋಣೆಯಲ್ಲಿ, ಪ್ರಶ್ನೆಯಕ್ಕನ ಎದುರು, ತಡವರಿಸುತ್ತಾ.

"ಇಷ್ಟು ವರ್ಷ ಈ ಕುರ್ಚಿ ಸವೆಸಿದ್ದೀನಿ, ಅಂಥ ಉತ್ತರ ಕೇಳಿರಲಿಲ್ಲ," ಎನ್ನುತ್ತಾರೆ ಪ್ರಶ್ನೆಯಕ್ಕ. "ನಿನ್ನ ದೋಷ ಏನಪ್ಪಾ ಅಂತ ಕೇಳಿದ್ರೆ 'ಜಾಸ್ತಿ ಕೆಲಸ ಮಾಡೋದೇ ನನ್ನ ದೋಷ' ಅಂತಾರೆ ಎಲ್ಲರೂ. ಗಿಣಿಪಾಠ. ಇವಳು ಕೋಟಿನ ವಿಷಯ ಹೇಳಿದ ದಿನ ನನಗೆ ಮನೆಗೆ ಹೋದ್ರೂ ಅದೇ ಗುಂಗು. ಮಾರನೇ ದಿನ ಬಂದ ಗುಂಪಿಗೆ ಹೇಳಿದೆ, 'ನೋಡಿ, ಒಬ್ಬಳು ಹುಡುಗಿ ಹೀಗೆ ಹೇಳಿದ್ಲು, ಉತ್ತರ ಅಂದ್ರೆ ಹೀಗಿರಬೇಕು' ಅಂತ. ಅದರ ಮುಂದಿನ ಗುಂಪಿಗೂ ಹೇಳಿದೆ. ಅವಳ ಹೆಸರು ಹೇಳಲಿಲ್ಲ. ಹೆಸರು ಮುಚ್ಚಿದ್ರೆ ಸಾಕು ಅಂದ್ಕೊಂಡಿದ್ದೆ."

ಉದಾಹರಣೆ ಎಂದು ಹೇಳಿದ್ದನ್ನು ಕೆಲವರು ಉತ್ತರ ಎಂದೇ ಎತ್ತಿಕೊಂಡರು. ಕೆಲಸ ಸಿಗದ ಭಯದಲ್ಲಿರುವವರಿಗೆ ಎರಡಕ್ಕೂ ನಡುವಿನ ಗೆರೆ ಕಾಣುವುದು ಕಡಿಮೆ. ಸರಕು ಸಾಗಣೆ ಕಂಪನಿಯವರು ಬಂದ ದಿನ ಮೊದಲು ಒಬ್ಬನ ಚಿಕ್ಕಪ್ಪನ ಅಂಗಡಿಯಲ್ಲಿ ಕೋಟು ಸುಟ್ಟಿತು. ಆಮೇಲೆ ಇನ್ನೊಬ್ಬನ ಅತ್ತೆಯ ಮನೆಯಲ್ಲಿ. ಮೂರನೆಯದು ಲಾಂಡ್ರಿಯ ಹುಡುಗಿಯ ಪಕ್ಕದಲ್ಲಿ ಮೂರು ವರ್ಷ ಕೂತು ಒಂದೇ ಡಬ್ಬಿಯ ಊಟ ಹಂಚಿಕೊಂಡ ಗೆಳತಿಯ ಬಾಯಲ್ಲಿ. ನಿಜವಾಗಿ ಕೋಟು ಸುಟ್ಟವಳ ಸರದಿ ಬಂದದ್ದು ಇವರೆಲ್ಲ ಆದ ಮೇಲೆ. ಅವಳು ಎರಡು ವಾಕ್ಯ ಹೇಳುವಷ್ಟರಲ್ಲಿ ಎದುರಿಗಿದ್ದ ಕಂಪನಿಯ ಮೇಡಂ ಪೆನ್ನು ಕೆಳಗಿಟ್ಟರು.

"ಈ ಯೂನಿವರ್ಸಿಟಿಯಲ್ಲಿ ಕೋಟುಗಳಿಗೆ ಏನಾಗಿದೆ? ಬೆಳಗ್ಗೆಯಿಂದ ಇದು ನಾಲ್ಕನೇದು ಸುಡ್ತಿರೋದು."

ಪಕ್ಕದಲ್ಲಿ ಕೂತವರೂ ನಕ್ಕರಂತೆ. ಹುಡುಗಿ ಮಾತನ್ನು ಅಲ್ಲಿಗೇ ಬಿಟ್ಟು ಎದ್ದು ಬಂದಳು. "ನಂದು ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದರೆ ಅವಳು ತಿರುಗಿ ಕೇಳುತ್ತಾಳೆ: "ಹೇಳಿದ್ರೆ ನಂಬ್ತಿದ್ರಾ? ನಂಬಿದ್ರೆ ಇನ್ನೂ ಕಷ್ಟ. ಹೊರಗಡೆ ನನ್ನ ಗೆಳತಿ ನನಗೋಸ್ಕರ ಕಾಯ್ತಾ ನಿಂತಿದ್ಲು, ನೀರಿನ ಬಾಟಲಿ ಹಿಡ್ಕೊಂಡು."

ಗೆಳತಿಗೆ ಕೆಲಸ ಸಿಕ್ಕಿತು. ಇವಳಿಗೆ ಇಲ್ಲ. ಯಾರಿಗೂ ಏನೂ ಹೇಳದೆ ಮನೆಗೆ ಹೋದಳು.

ಪ್ರಶ್ನೆಯಕ್ಕನಿಗೆ ಗೊತ್ತಾದದ್ದು ಅದೇ ಸಂಜೆ, ಕೇಂದ್ರದ ಅಧಿಕಾರಿಯ ಕೋಣೆಯಲ್ಲಿ. ಕಂಪನಿಯವರಿಗೆ ಚಹಾ ಕೊಡಿಸಲು ಹೋದಾಗ ಆ ಮೇಡಂ ಕೋಟಿನ ವಿಷಯವನ್ನು ತಮಾಷೆಯಾಗಿ ಹೇಳುತ್ತಿದ್ದರು. ಅಧಿಕಾರಿ ನಗುತ್ತಿದ್ದರು. "ಕೈಯಲ್ಲಿದ್ದ ತಟ್ಟೆ ಅಲ್ಲೇ ಇಟ್ಟು ಹೊರಗೆ ಬಂದೆ," ಎನ್ನುತ್ತಾರೆ ಪ್ರಶ್ನೆಯಕ್ಕ. "ಹೆಸರು ಹೇಳದಿದ್ರೆ ಏನು ಬಂತು? ಆ ಕತೆಯೇ ಅವಳ ಹೆಸರಾಗಿತ್ತು. ಅದನ್ನ ನಾನು ಊರಿಗೆಲ್ಲ ಹಂಚಿಬಿಟ್ಟಿದ್ದೆ."

ಮರುದಿನ ಲಾಂಡ್ರಿಗೆ ಹೋದರು. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ತಾಯಿ ಇಸ್ತ್ರಿ ಮಾಡುವ ಕೈ ನಿಲ್ಲಿಸಲಿಲ್ಲ.

"ನಮ್ಮ ಕಷ್ಟಾನ ನೀವು ಪಾಠ ಮಾಡಿದ್ರಂತೆ."

"ತಪ್ಪಾಯ್ತಮ್ಮ."

"ಪಾಠ ಕೇಳಿದವರು ಪಾಸಾದ್ರಂತೆ. ಕಷ್ಟಪಟ್ಟವಳೊಬ್ಬಳು ಫೇಲು." ಅಂಗಿಯ ಕಾಲರು ತಿರುಗಿಸಿ ಹಾಕುತ್ತಾ ತಾಯಿ ಹೇಳಿದರು, "ಮುತ್ತು ಒಡೆದ್ರೆ ಹೋಯ್ತು, ಮಾತು ಆಡಿದ್ರೆ ಹೋಯ್ತು ಅಂತಾರೆ. ಆಡಿದ್ದು ನೀವು, ಒಡೆದಿದ್ದು ನಮ್ಮದು. ಹೋಗಲಿ, ಬಂದವರು ಕೂತ್ಕೊಳ್ಳಿ. ಬಟ್ಟೆ ಆ ಕಡೆ ಸರಿಸಿ."

ಅವರು ಕೂತರು. ಏನು ಮಾತಾಡಿದರೆಂದು ಇಬ್ಬರಿಗೂ ಈಗ ಸರಿಯಾಗಿ ನೆನಪಿಲ್ಲ. ಎದ್ದು ಬರುವಾಗ ಪ್ರಶ್ನೆಯಕ್ಕ ಒಂದು ತೀರ್ಮಾನ ಮಾಡಿದ್ದರು: ಕಂಪನಿಗೆ ಫೋನು ಮಾಡಬೇಕು.

ಮಾಡುವುದೇನೋ ಸುಲಭ, ಹೇಳುವುದೇನನ್ನು? ಇವಳದ್ದು ನಿಜ ಎಂದರೆ ಮಿಕ್ಕ ಮೂವರದ್ದು ಸುಳ್ಳು ಎಂದ ಹಾಗಾಯಿತು. ಆ ಮೂವರಲ್ಲಿ ಇಬ್ಬರಿಗೆ ಕೆಲಸ ಸಿಕ್ಕಿತ್ತು. ಒಬ್ಬಳನ್ನು ಎತ್ತಲು ಹೋಗಿ ಇನ್ನಿಬ್ಬರನ್ನು ಬೀಳಿಸಬೇಕು. ಅವರೂ ಇದೇ ಕುರ್ಚಿಯಲ್ಲಿ ಕಾಲು ನಡುಗಿಸುತ್ತಾ ಕೂತವರೇ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಧಿಕಾರಿಗೆ ಹೇಳಿದರೆ ಅವರು ಮುಖ ಗಂಟಿಕ್ಕಿದರು: "ಆ ಕಂಪನಿ ಮುಂದಿನ ವರ್ಷ ಬರದಿದ್ರೆ ಏನ್ಮಾಡ್ತೀರಿ? ಒಬ್ಬಳಿಗೋಸ್ಕರ ನೂರು ಜನರ ಅನ್ನಕ್ಕೆ ಕಲ್ಲು ಹಾಕ್ಬೇಡಿ." ಅವರು ಹೇಳಿದ್ದೂ ಸುಳ್ಳಲ್ಲ.

ಈ ನಡುವೆ ಡಬ್ಬಿ ಹಂಚಿಕೊಂಡ ಆ ಗೆಳತಿ ಒಂದು ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ. "ಅಕ್ಕ, ನನ್ನ ಕೆಲಸ ಹೋಗುತ್ತಾ?"

"ನನ್ನ ಬಾಯಿಂದ ನಿನ್ನ ಹೆಸರು ಬರಲ್ಲ."

"ಅವಳ ಬಾಯಿಂದ?"

"ಬರೋ ಹಾಗಿದ್ರೆ ಅವತ್ತೇ ಬರ್ತಿತ್ತು," ಎಂದರಂತೆ ಪ್ರಶ್ನೆಯಕ್ಕ. ಗೆಳತಿ ಅಲ್ಲೇ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ಅತ್ತಳು.

ಕೊನೆಗೆ ಫೋನು ಮಾಡಿದರು. ಆ ಮಾತುಕತೆ ಅವರಿಗೆ ಅಕ್ಷರ ಅಕ್ಷರವಾಗಿ ನೆನಪಿದೆ. "ಮೇಡಂ, ಆ ಕತೆಯನ್ನ ಎಲ್ಲರಿಗೂ ಹೇಳಿಕೊಟ್ಟಿದ್ದು ನಾನು. ತಪ್ಪು ನಂದು. ಆದ್ರೆ ಕೊನೇಲಿ ಬಂದವಳಿಗೆ ಅದು ಯಾರೂ ಹೇಳಿಕೊಟ್ಟಿದ್ದಲ್ಲ, ಅವಳ ಕೈಯಲ್ಲೇ ಆಗಿದ್ದು. ಬೇರೆಯವರ ಬಗ್ಗೆ ನನ್ನನ್ನ ಏನೂ ಕೇಳ್ಬೇಡಿ, ನಾನು ಹೇಳಲ್ಲ." ಆಮೇಲೆ ಮೇಡಂ ಕೇಳಿದರು, "ಅವಳದ್ದೇ ನಿಜ ಅಂತ ನಾನು ಹೇಗೆ ನಂಬಲಿ?" "ನಂಬಬೇಡಿ. ಕೋಟಿನ ವಿಷಯ ಬಿಟ್ಟು ಬೇರೆ ಏನಾದ್ರೂ ಮಾತಾಡ್ಸಿ. ಅವತ್ತು ಅವಳು ಬಾಯಿಬಿಡೋಕೆ ಮುಂಚೆನೇ ಎಲ್ಲ ಮುಗಿದುಹೋಗಿತ್ತು."

ಮೇಡಂ ಹತ್ತು ನಿಮಿಷ ಕೊಡುತ್ತೇನೆಂದರು. ಆ ಹತ್ತು ನಿಮಿಷ ಇವತ್ತು.

ಹುಡುಗಿ ಹೊರಟು ಹೋದ ಮೇಲೂ ಈ ಕೋಣೆಯ ಕೆಲಸ ನಿಲ್ಲುವುದಿಲ್ಲ. ಕಾರಿಡಾರಿನಲ್ಲಿ ಆಗಲೇ ಸಾಲು. ಸಂದರ್ಶನಗಳ ಕಾಲದಲ್ಲಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಬರುತ್ತಾರೆ, ಒಬ್ಬೊಬ್ಬರಿಗೆ ಕಾಲು ಗಂಟೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಮೂರು ಅಳತೆಯ ಕಪ್ಪು ಶೂಗಳಿವೆ, ಬಾಚಣಿಗೆ, ಸೂಜಿ ದಾರ, ಪಿನ್ನುಗಳ ಡಬ್ಬಿ ಇವೆ. ಶೂ ಇಲ್ಲದವರು ಕೇಳಲು ನಾಚುತ್ತಾರೆಂದು, ಪ್ರಶ್ನೆಯಕ್ಕ ಎಲ್ಲರಿಗೂ "ನಿನ್ನ ಶೂಗೆ ಪಾಲಿಶ್ ಸಾಲದು, ಅದರಲ್ಲೊಂದು ಹಾಕ್ಕೊಂಡು ನೋಡು" ಎನ್ನುತ್ತಾರೆ. ಎದುರಿಗೆ ಒಂದು ಕಾಗದ ಇಟ್ಟುಕೊಂಡು ಪೆನ್ಸಿಲಿನಲ್ಲಿ ಸುಮ್ಮನೆ ಗೀಚುತ್ತಿರುತ್ತಾರೆ. ಬರೆಯುವ ಕೈ ಕಂಡರೆ ಎದುರಿಗಿದ್ದವರು ಹೆದರುತ್ತಾರೆ, ಆ ಹೆದರಿಕೆಯೂ ಇಲ್ಲೇ ಅಭ್ಯಾಸವಾಗಲಿ ಎಂದು. ಪದವಿ ಮುಗಿಸಿ ಹೋದವರೂ ಬರುತ್ತಾರೆ. ಈಗ ಒಳಗೆ ಕೂತಿರುವವನು ಹೋದ ವರ್ಷವೇ ಓದು ಮುಗಿಸಿದವನು. ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲವಂತೆ, ಅದೇ ಅವನಿಗೆ ತಡೆಯಲಾಗುತ್ತಿಲ್ಲವಂತೆ.

"ಈ ಒಂದು ವರ್ಷ ಏನು ಮಾಡಿದ್ರಿ?" ಪ್ರಶ್ನೆಯಕ್ಕ ಬಾಸಿನ ದನಿಯಲ್ಲಿ ಕೇಳುತ್ತಾರೆ.

"ಕೆಲಸ ಹುಡುಕಿದೆ."

"ಮತ್ತೆ?"

"ಹುಡುಕ್ತಾನೇ ಇದ್ದೆ." ಅವರು ನೀರಿನ ಲೋಟ ಮುಂದೆ ತಳ್ಳುತ್ತಾರೆ. ಕಣ್ಣು ಮಾತ್ರ ಮೇಜಿನಂಚಿನಲ್ಲಿ ಬೋರಲು ಮಲಗಿಸಿದ ಫೋನಿನ ಮೇಲೆ ಹೋಗಿ ಬರುತ್ತದೆ. ಗಡಿಯಾರ ಹತ್ತು ದಾಟಿದೆ.

ಪ್ರಶ್ನೆಯಕ್ಕನೂ ಒಂದು ಕಾಲದಲ್ಲಿ ಈಚಿನ ಕುರ್ಚಿಯವರೇ. ಪದವಿಯಾದ ಮೇಲೆ ಒಂದೇ ಒಂದು ಸಂದರ್ಶನಕ್ಕೆ ಹೋಗಿದ್ದರು. "ನಿಮ್ಮ ಬಗ್ಗೆ ಹೇಳಿ" ಎಂದರಂತೆ. "ನನ್ನ ಬಗ್ಗೆ ಅದುವರೆಗೂ ಯಾರೂ ಕೇಳಿರಲಿಲ್ಲ. ಅಪ್ಪನ ಬಗ್ಗೆ, ಅಣ್ಣಂದಿರ ಬಗ್ಗೆ ಹೇಳಿ ಎದ್ದು ಬಂದೆ." ಪರೀಕ್ಷಾ ವಿಭಾಗದಲ್ಲಿ ಟೈಪಿಸ್ಟ್ ಆಗಿ ಸೇರಿ, ಮದುವೆಯಾಗಿ, ಎರಡು ಮಕ್ಕಳಾಗಿ, ಈ ಕೇಂದ್ರ ತೆರೆದಾಗ ಇಲ್ಲಿಗೆ ವರ್ಗವಾದರು. ಅಣಕು ಸಂದರ್ಶನಕ್ಕೆ ಕೂರಬೇಕಿದ್ದ ಪ್ರಾಧ್ಯಾಪಕರು ಒಂದು ದಿನ ಬರಲಿಲ್ಲ. ಕಾದು ಕೂತಿದ್ದ ಹುಡುಗಿಯ ಮುಖ ನೋಡಲಾಗದೆ ಇವರೇ ಆ ಕುರ್ಚಿಯಲ್ಲಿ ಕೂತರು. ಮತ್ತೆ ಏಳಲಿಲ್ಲ.

ಮನೆಯಲ್ಲಿ ಇದೊಂದು ತಮಾಷೆಯ ವಸ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಯಾಕೆ ತಡ ಅಂತ ನಾನು ಕೇಳಿದ್ರೆ, 'ಮೊದಲು ನನ್ನ ಬಗ್ಗೆ ಹೇಳಲಾ, ದೋಷದ ಬಗ್ಗೆ ಹೇಳಲಾ' ಅಂತಾರೆ." ಆದರೆ ಈ ಹದಿನೈದು ದಿನದಿಂದ ಅವರೂ ತಮಾಷೆ ಬಿಟ್ಟಿದ್ದಾರೆ. ಹೆಂಡತಿ ಪಾತ್ರೆ ತೊಳೆಯುತ್ತಾ ತನ್ನಷ್ಟಕ್ಕೇ ಪ್ರಶ್ನೆ ಕೇಳಿಕೊಂಡು ತಾನೇ ಉತ್ತರ ಹೇಳಿಕೊಳ್ಳುವುದನ್ನು ಕೇಳಿಸಿಕೊಂಡಿದ್ದಾರೆ. "ಅವಳ ಪರವಾಗಿ ಉತ್ತರ ಹುಡುಕ್ತಿದ್ದೆ," ಎನ್ನುತ್ತಾರೆ ಪ್ರಶ್ನೆಯಕ್ಕ. "ಹತ್ತಾರು ಸಿಕ್ಕಿದ್ವು. ಒಂದೂ ಅವಳದ್ದಲ್ಲ. ಇವತ್ತು ಬೆಳಗ್ಗೆ ಅವಳು ಹೇಳಲ್ಲ ಅಂದಾಗ ಕೆನ್ನೆಗೆ ಹೊಡೆದ ಹಾಗಾಯ್ತು. ಹೊಡೆಸಿಕೊಳ್ಳಬೇಕಾದ್ದೇ. ಆದ್ರೂ ಅಭ್ಯಾಸ ಇಲ್ಲದೆ ಕಳಿಸಿದ್ದೀನಲ್ಲ. ಇಲ್ಲಿಂದ ಹಾಗೆ ಯಾರನ್ನೂ ಕಳಿಸಿದವಳಲ್ಲ ನಾನು."

ಹನ್ನೊಂದಾಗುತ್ತದೆ. ಹನ್ನೆರಡಾಗುತ್ತದೆ. ಹತ್ತು ನಿಮಿಷದ ಸಂದರ್ಶನ ಇಷ್ಟು ಹೊತ್ತು ಎಳೆಯುವುದಿಲ್ಲ. ಪ್ರಶ್ನೆಯಕ್ಕ ಒಬ್ಬನಿಗೆ ಕೇಳಿದ ಪ್ರಶ್ನೆಯನ್ನೇ ಎರಡನೆಯ ಸಲ ಕೇಳುತ್ತಾರೆ. ಅವನು ಗಾಬರಿಯಿಂದ ಬೇರೆ ಉತ್ತರ ಕೊಡುತ್ತಾನೆ. "ಅಯ್ಯೋ, ಮೊದಲನೇದೇ ಸರಿ ಇತ್ತಪ್ಪಾ, ನಾನೇ ಮರೆತೆ," ಎಂದು ಅವನ ಕೈ ತಟ್ಟುತ್ತಾರೆ.

ಊಟದ ಹೊತ್ತಿಗೆ ಹುಡುಗಿಯೇ ಬಂದು ನಿಲ್ಲುತ್ತಾಳೆ. ಬೆಳಗಿನ ಮಡಿಕೆಗಳೆಲ್ಲ ಬಸ್ಸಿನಲ್ಲಿ ಮುದುಡಿವೆ. ಮುಖದಲ್ಲಿ ಏನೂ ಓದಲಾಗುವುದಿಲ್ಲ.

"ಏನಂದ್ರು?"

"ಫೋನ್ ಮಾಡ್ತೀವಿ ಅಂದ್ರು."

"ಯಾವ ಥರ ಅಂದ್ರು? ನಗ್ತಾ ಅಂದ್ರಾ?"

"ಫೋನ್ ಮಾಡ್ತೀವಿ ಅನ್ನೋ ಥರ ಅಂದ್ರು ಅಕ್ಕ." ಹುಡುಗಿ ಕುರ್ಚಿಯಲ್ಲಿ ಕುಸಿಯುತ್ತಾಳೆ. ಚೀಲ ಕೆಳಗಿಟ್ಟು ತಲೆ ಎತ್ತುತ್ತಾಳೆ. "ಅಲ್ಲಿ ಹೇಳಿ ಆಯ್ತು. ಈಗ ನಿಮಗೂ ಹೇಳ್ತೀನಿ." ಆಮೇಲೆ ಪೆನ್ನು ಹಿಡಿದು ಮೂಲೆಯಲ್ಲಿ ಕೂತ ನನ್ನ ಕಡೆ ನೋಡಿ, "ಇವರು ಸ್ವಲ್ಪ ಹೊರಗೆ ಇರ್ತಾರಾ?"

ಬಾಗಿಲು ಮುಚ್ಚುತ್ತದೆ. ಕಾರಿಡಾರಿನಲ್ಲಿ ಕಾಯುತ್ತಿರುವವರಿಗೆ ಒಳಗಿನ ಒಂದು ಶಬ್ದವೂ ಕೇಳುವುದಿಲ್ಲ. ಬಾಗಿಲು ಮತ್ತೆ ತೆರೆದಾಗ ಪ್ರಶ್ನೆಯಕ್ಕನ ಕಣ್ಣು ಕೆಂಪಾಗಿದೆ, ಹುಡುಗಿ ಅವರ ಡಬ್ಬಿಯಿಂದ ಊಟ ಮಾಡುತ್ತಿದ್ದಾಳೆ.

ಫೋನು ಬರುವುದು ಮೂರು ಗಂಟೆಯ ಹೊತ್ತಿಗೆ, ಕೇಂದ್ರದ ಅಧಿಕಾರಿಗೆ. ಅವರು ತಮ್ಮ ಕೋಣೆಯಿಂದ ಸ್ವತಃ ಎದ್ದು ಬರುತ್ತಾರೆ. ಅವರು ಹಾಗೆ ಬರುವುದು ಕಂಡೇ ಪ್ರಶ್ನೆಯಕ್ಕ ಮೇಜಿನಂಚು ಹಿಡಿದುಕೊಳ್ಳುತ್ತಾರೆ. "ಸೋಮವಾರದಿಂದ ಬರಬೇಕಂತೆ. ಆರು ತಿಂಗಳು ತರಬೇತಿ, ಆಮೇಲೆ ನೋಡ್ತಾರಂತೆ," ಎಂದು ಅಧಿಕಾರಿ ಹೇಳಿ, ಒಂದು ಕ್ಷಣ ನಿಂತು, "ಮುಂದಿನ ವರ್ಷಾನೂ ಬರ್ತಾರಂತೆ," ಎಂದು ಸೇರಿಸಿ ಹೋಗುತ್ತಾರೆ.

ಅಲ್ಲೇ ಕಾದು ಕೂತಿದ್ದ ಹುಡುಗಿ ತಾಯಿಗೆ ಫೋನು ಮಾಡುತ್ತಾಳೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ ಜೋರಾಗಿಯೇ ಕೇಳಿಸುತ್ತದೆ: "ಊಟ ಮಾಡಿದ್ಯಾ?" ಫೋನಿಟ್ಟ ಮೇಲೆ ಅವಳಿಗೆ ಇನ್ನೊಂದು ನೆನಪಾಗುತ್ತದೆ. ಗೆಳತಿಯೂ ಸೋಮವಾರವೇ ಅಲ್ಲಿ ಸೇರುತ್ತಾಳೆ. ಇಬ್ಬರೂ ಒಂದೇ ಕೋಣೆ.

"ಮಾತಾಡ್ತೀಯಾ ಅವಳ ಹತ್ರ?" ಪ್ರಶ್ನೆಯಕ್ಕ ಮೆಲ್ಲಗೆ ಕೇಳುತ್ತಾರೆ.

"ಗೊತ್ತಿಲ್ಲ." ಹುಡುಗಿ ಚೀಲ ಹೆಗಲಿಗೇರಿಸುತ್ತಾಳೆ. "ಆದ್ರೆ ಆ ಆಫೀಸಿನಲ್ಲಿ ಯಾರಾದ್ರೂ 'ನಿಂಗೆ ಇಸ್ತ್ರಿ ಬರುತ್ತಲ್ಲ' ಅಂತ ಬಟ್ಟೆ ಕೊಟ್ರೆ ಪಾಪ ಅವಳು ಏನ್ಮಾಡ್ತಾಳೆ? ಕೊನೆಗೆ ನಮ್ಮನೆಗೇ ತರಬೇಕು." ಬಹಳ ದಿನಗಳ ಮೇಲೆ ಈ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ನಗುತ್ತಾರೆ. ನಗು ಮುಗಿದ ಮೇಲೂ ಹುಡುಗಿಯ ಹುಬ್ಬಿನ ಗಂಟು ಪೂರ್ತಿ ಬಿಚ್ಚಿಲ್ಲ.

ಅವಳು ಹೋದ ಮೇಲೆ ಸಾಲಿನ ಮುಂದಿನವಳು ಒಳಗೆ ಬರುತ್ತಾಳೆ. ಮಾಡಿದ ತಪ್ಪಿನ ಪ್ರಶ್ನೆಗೆ ಅವಳಿಗೆ ಏನೂ ಹೊಳೆಯುವುದಿಲ್ಲ. "ಅಕ್ಕ, ಒಂದು ಉದಾಹರಣೆ ಹೇಳಿ," ಎನ್ನುತ್ತಾಳೆ. ಪ್ರಶ್ನೆಯಕ್ಕ ಪೆನ್ಸಿಲು ಕೆಳಗಿಟ್ಟು, "ಇಲ್ಲ ಕಣಮ್ಮ. ನೀನು ಯೋಚಿಸು, ನಾನು ಕಾಯ್ತೀನಿ," ಎನ್ನುತ್ತಾರೆ. ಕಾಲು ಗಂಟೆಯ ಲೆಕ್ಕ ತಪ್ಪುತ್ತದೆ. ಹೊರಗೆ ಸಾಲು ಗೊಣಗುತ್ತದೆ. ಅವರು ಕಾಯುತ್ತಲೇ ಇರುತ್ತಾರೆ.

ಸಾಲು ಕರಗಿದ ಮೇಲೆ, ಲಾಂಡ್ರಿಯ ಹುಡುಗಿ ಅಲ್ಲಿ ಏನು ಉತ್ತರ ಹೇಳಿದಳೆಂದು ಕೇಳುತ್ತೇನೆ. ಪ್ರಶ್ನೆಯಕ್ಕ ಮೇಜನ್ನು ಗೋಡೆಗೆ ಒತ್ತುತ್ತಿದ್ದಾರೆ. ತಿರುಗದೆಯೇ ಹೇಳುತ್ತಾರೆ:

"ಕೋಟಿಗಿಂತ ಚೆನ್ನಾಗಿತ್ತು. ಅಷ್ಟೇ ನಾನು ಹೇಳೋದು."